ತಾಯಿಚಿಟ್ಟೆಯ ಪರೀಕ್ಷೆ, ಜಠರದ ಪರೀಕ್ಷೆ

ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆಗೂಡಿನ ಹಿಂದೆ ಒಂದು ಪರೀಕ್ಷೆಯ ಚರಿತ್ರೆಯಿದೆ. ಚನ್ನಪಟ್ಟಣ, ಕನಕಪುರ, ಮಾಗಡಿಗಳ ಬೆಳೆಗಾರರು ಅದನ್ನು ಬಲ್ಲರು. ಮನುಷ್ಯನ ಜಠರದ ಕಾಯಿಲೆಯನ್ನು ಮುಂಚೆಯೇ ಪತ್ತೆಹಚ್ಚುವ ಬಗೆಯನ್ನು ಅರಿಯಲು ಅದು ನಮಗೂ ನೆರವಾಗುತ್ತದೆ.

ಹತ್ತೊಂಬತ್ತನೆಯ ಶತಮಾನದ ನಡುವೆ ಗಂಟುರೋಗವು ಫ್ರಾನ್ಸಿನ ರೇಷ್ಮೆ ಉದ್ಯಮವನ್ನು ನೆಲಕಚ್ಚಿಸಿತು. ಇದರ ಬೀಜಾಣು ಸೊಪ್ಪಿನೊಡನೆ ಹುಳುವಿನ ಹೊಟ್ಟೆ ಸೇರಿ, ಮೊದಲು ನಡುಗರುಳಿನ ಒಳಪದರವನ್ನು ಹಿಡಿಯುತ್ತದೆ. ತಾಯಿಯಿಂದ ಮೊಟ್ಟೆಗೂ ಇಳಿಯುತ್ತದೆ. ಬರಿಗಣ್ಣಿಗೆ ಮೊಟ್ಟೆಯಲ್ಲಿ ರೋಗ ಕಾಣದು. 1865ರಲ್ಲಿ ಈ ಸಮಸ್ಯೆಯನ್ನು ಕೈಗೆತ್ತಿಕೊಂಡ ಲೂಯಿ ಪಾಶ್ಚರ್ ಸರಳ ಉಪಾಯ ತೋರಿಸಿದರು. ಪ್ರತಿ ಚಿಟ್ಟೆಯಿಂದಲೂ ಬೇರೆಬೇರೆಯಾಗಿ ಮೊಟ್ಟೆ ಇಡಿಸಿ, ಅನಂತರ ಚಿಟ್ಟೆಯನ್ನು ಅರೆದು, ಒಂದು ತೊಟ್ಟನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಬೀಜಾಣು ಕಂಡರೆ ಆ ಮೊಟ್ಟೆಗಳನ್ನು ಸುಡುವುದು. ಬಿತ್ತನೆಗೂಡಿಗೆ ಹೆಸರಾದ ಮಾಗಡಿಯ ಕಡೆಯೂ ಈ ತಾಯಿಚಿಟ್ಟೆ ಪರೀಕ್ಷೆಯೇ ಆಧಾರ.

ಮನುಷ್ಯನ ಜಠರದ ಒಳಪೊರೆಯೂ ಸದ್ದಿಲ್ಲದೆ ಸವೆಯುತ್ತದೆ. ಹಾಗೆ ಸವೆದ ಕೆಲವರಲ್ಲಿ ವರ್ಷಗಳ ನಂತರ ಕ್ಯಾನ್ಸರ್ ತಲೆದೋರುತ್ತದೆ. 1982ರಲ್ಲಿ ಆರಂಭವಾದ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ ಗಂಡಸರಿಗೆ ಹೆಚ್ಚಾಗಿ ಬರುವ ಕ್ಯಾನ್ಸರುಗಳ ಪೈಕಿ ಜಠರದ್ದೂ ಒಂದು. ಆದರೆ ಊರಿನವರೆಲ್ಲರ ಹೊಟ್ಟೆಗೂ ಎಂಡೋಸ್ಕೋಪಿ ಕೊಳವೆ ಇಳಿಸಲು ಸಾಧ್ಯವೇ?

ಇಲ್ಲಿ ರಕ್ತ ಸುಳಿವು ಕೊಡುತ್ತದೆ. ಜಠರದಲ್ಲಿ ತಯಾರಾಗುವ ಪೆಪ್ಸಿನೋಜೆನ್‌ನ ಅಲ್ಪಭಾಗ ರಕ್ತಕ್ಕೂ ಸೇರುತ್ತದೆ. ಅದರಲ್ಲಿ ಎರಡು ಬಗೆ. ಒಳಪೊರೆಯ ಗ್ರಂಥಿಗಳು ನಶಿಸಿದಾಗ ಮೊದಲನೆಯದು ಕುಗ್ಗುತ್ತದೆ, ಎರಡನೆಯದು ಅಷ್ಟಾಗಿ ಕುಗ್ಗದು. ಒಳಪೊರೆಯ ಸ್ಥಿತಿಗೂ ಇವಕ್ಕೂ ಇರುವ ಸಂಬಂಧವನ್ನು ಸ್ಯಾಮ್ಲಾಫ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದರು. ಜಪಾನಿನ ಸಂಶೋಧಕರು ಇದನ್ನು ತಪಾಸಣೆಗೆ ಬಳಸಿದರು. ಮೊದಲನೆಯದು ಮಿಲಿಲೀಟರಿಗೆ 70 ನ್ಯಾನೋಗ್ರಾಂ ಮೀರದೆ, ಎರಡರ ಅನುಪಾತವೂ 3 ಮೀರದಿದ್ದರೆ ಎಚ್ಚರ ಬೇಕು.

ಅದೇ 1982ರಲ್ಲಿ ಆಸ್ಟ್ರೇಲಿಯದ ಮಾರ್ಷಲ್ ಮತ್ತು ವಾರೆನ್, ಜಠರದ ಉರಿಯೂತಕ್ಕೆ ಕಾರಣವಾದ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯವನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. 2005ರಲ್ಲಿ ನೊಬೆಲ್ ಪಡೆದರು. ಇದರ ಪ್ರತಿಕಾಯವನ್ನೂ ರಕ್ತದಲ್ಲಿ ಹುಡುಕಬಹುದು. ಆದರೆ ಸೋಂಕು ವಾಸಿಯಾದ ಮೇಲೂ ಪ್ರತಿಕಾಯ ಬಹುಕಾಲ ಉಳಿಯುತ್ತದೆ. ಆಮ್ಲ ತಗ್ಗಿಸುವ ಕೆಲವು ಮಾತ್ರೆಗಳಿಂದ ಪೆಪ್ಸಿನೋಜೆನ್ ಮಟ್ಟ ಏರಿ, ಲೆಕ್ಕ ತಪ್ಪುವುದೂ ಉಂಟು. ಒಳಪೊರೆ ಸವೆಯದೆಯೇ ಬರುವ ಕ್ಯಾನ್ಸರ್ ಈ ಪರೀಕ್ಷೆಗೆ ಸಿಕ್ಕದಿರಬಹುದು.

ವಿದ್ಯಾರ್ಥಿಗಳು ಗಮನಿಸಬೇಕಾದ ವ್ಯತ್ಯಾಸ ಇದೇ. ಚಿಟ್ಟೆಯಲ್ಲಿ ಬೀಜಾಣು ಕಂಡರೆ ಅದೇ ತೀರ್ಪು, ಮೊಟ್ಟೆ ಬೆಂಕಿಗೆ. ಮನುಷ್ಯನ ವಿಷಯದಲ್ಲಿ ರಕ್ತಪರೀಕ್ಷೆ ಸೂಚನೆ ಮಾತ್ರ; ಯಾರಿಗೆ ಎಂಡೋಸ್ಕೋಪಿ ಮೊದಲು ಬೇಕೆಂದು ಅದು ಹೇಳುತ್ತದೆ. ಕಾಯಿಲೆ ಇದೆಯೋ ಇಲ್ಲವೋ ಎಂಬುದನ್ನು ಒಳಪೊರೆಯನ್ನೇ ನೋಡಿ ನಿರ್ಧರಿಸಬೇಕು. ಹೊಟ್ಟೆನೋವು ಬಿಡದೆ ಕಾಡಿದರೆ, ತೂಕ ಇಳಿದರೆ, ಮಲ ಕಪ್ಪಾದರೆ, ರಕ್ತಪರೀಕ್ಷೆಯ ಫಲಿತಾಂಶ ಏನೇ ಇರಲಿ, ವೈದ್ಯರನ್ನು ಕಾಣುವುದೇ ಸರಿ.