ಮಿಲ್ಲಿಂಗ್ ಮಷಿನ್‌ನ ಸದ್ದು: ಮೂಲ ಹುಡುಕುವ ಬಗೆ

ಟೂಲ್‌ರೂಮ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಟರೆಟ್ ಮಾದರಿಯ ಮಿಲ್ಲಿಂಗ್ ಮಷಿನ್. 1938ರಲ್ಲಿ ಅಮೆರಿಕದ ಬ್ರಿಡ್ಜ್‌ಪೋರ್ಟ್ ಊರಿನಲ್ಲಿ ಹುಟ್ಟಿದ ವಿನ್ಯಾಸ. ನಮ್ಮ ವರ್ಕ್‌ಶಾಪ್‌ಗಳಲ್ಲಿ ಎಂ1ಟಿಆರ್ ಎಂದರೆ ಇದೇ ಬಗೆಯದು. ಮೋಟಾರ್, ಬೆಲ್ಟ್, ಪುಲ್ಲಿ, ಗೇರ್, ಸ್ಪಿಂಡಲ್ ಎಲ್ಲವೂ ಇದರ ತಲೆಭಾಗದಲ್ಲೇ ಕೂತಿರುವುದರಿಂದ ಎಲ್ಲಿ ಸದ್ದಾದರೂ ಇಡೀ ತಲೆಯೇ ಗುಡುಗಿದಂತೆ ಕೇಳುತ್ತದೆ. ಹಲವರ ಕೈ ಮೊದಲು ಹೋಗುವುದು ಸ್ಪಿಂಡಲ್ ಬೇರಿಂಗ್‌ಗೆ. ಅದು ದುಬಾರಿ ಭಾಗ, ಬಿಚ್ಚಿದರೆ ಮತ್ತೆ ಕೂರಿಸುವುದೂ ಕಷ್ಟ. ಅದರ ಸರದಿ ಕೊನೆಗೆ ಬರಬೇಕು.

ಬೆಲ್ಟ್ ತೆಗೆದು ಕೇಳಿ

ಕಟರ್ ಜಾಬ್‌ಗೆ ತಾಗದೆ ಸುಮ್ಮನೆ ತಿರುಗುವಾಗಲೂ ಸದ್ದಿದ್ದರೆ ಮೇನ್ ಸ್ವಿಚ್ ಆರಿಸಿ, ಬೆಲ್ಟ್ ಕಳಚಿ, ಮೋಟಾರನ್ನು ಒಂಟಿಯಾಗಿ ಓಡಿಸಿ. ಸದ್ದು ಹಾಗೇ ಉಳಿದರೆ ದೋಷ ಮೋಟಾರಿನದು. ಆಗ ಸ್ವಿಚ್ ಆರಿಸುವ ಕ್ಷಣಕ್ಕೆ ಕಿವಿಗೊಡಿ. ಕರೆಂಟ್ ಹೋದೊಡನೆ ಗುಂಯ್‌ಗುಟ್ಟುವುದು ನಿಂತರೆ ಕಾರಣ ವಿದ್ಯುತ್ತಿನದು. ಮೋಟಾರ್ ನಿಧಾನವಾಗಿ ನಿಲ್ಲುವವರೆಗೂ ಗರಗರ ಎಂದರೆ ಬೇರಿಂಗ್ ಅಥವಾ ಫ್ಯಾನ್. ತ್ರೀ ಫೇಸ್ ಮೋಟಾರ್ ತಿರುಗದೆ ಬರೀ ಗುಂಯ್ ಎಂದರೆ ಒಂದು ಫೇಸ್ ಹೋಗಿರಬಹುದು, ತಕ್ಷಣ ಆರಿಸಿ. ತಡಮಾಡಿದರೆ ವೈಂಡಿಂಗ್ ಸುಡುತ್ತದೆ.

ಬೆಲ್ಟ್ ಮತ್ತು ಪುಲ್ಲಿ

ಶುರುವಾಗುವಾಗ ಕಿರ್ರೆಂದರೆ ಬೆಲ್ಟ್ ಸಡಿಲವಾಗಿದೆ ಅಥವಾ ಎಣ್ಣೆ ತಾಗಿದೆ. ಬಹುದಿನ ನಿಂತ ಮಷಿನ್‌ನಲ್ಲಿ ವಿ-ಬೆಲ್ಟ್ ಪುಲ್ಲಿಯ ಬಾಗಿಗೇ ಸೆಟೆದುಕೊಂಡು, ಸುತ್ತಿಗೊಮ್ಮೆ ದಬ್ ಎನ್ನುತ್ತದೆ. ಸ್ವಲ್ಪ ಹೊತ್ತು ಓಡಿದರೆ ಮೆತ್ತಗಾಗುವುದೂ ಉಂಟು. ಆನ್, ಆಫ್ ಮಾಡುವಾಗ ಮಾತ್ರ ಟಕ್ ಎಂದರೆ ಪುಲ್ಲಿಯ ಕೀ ಸವೆದಿರುತ್ತದೆ, ಇಲ್ಲವೇ ಗ್ರಬ್ ಸ್ಕ್ರೂ ಸಡಿಲಾಗಿರುತ್ತದೆ.

ಗೇರ್, ಸ್ಪ್ಲೈನ್, ಸ್ಪಿಂಡಲ್

ಬ್ಯಾಕ್ ಗೇರಿನಲ್ಲಿ ತುಸು ಗರಗರ ಸಹಜ. ಹೈ ಸ್ಪೀಡಿನಲ್ಲಿ ಕಟಕಟ ಎನ್ನುತ್ತಿದ್ದುದು ಕಟರ್ ಲೋಹಕ್ಕೆ ತಾಗಿದೊಡನೆ ತಗ್ಗಿದರೆ ಸ್ಪ್ಲೈನ್ ಸವೆದು ಪ್ಲೇ ಬಂದಿರುವ ಸಾಧ್ಯತೆಯೇ ಹೆಚ್ಚು. ಲೋಡ್ ಬಿದ್ದಾಗ ಹಲ್ಲುಗಳು ಒಂದೇ ಬದಿಗೆ ಒತ್ತಿ ನಿಲ್ಲುತ್ತವೆ.

ಬೇರಿಂಗ್ ಪರೀಕ್ಷೆಗೆ ಹಳೆಯ ಫಿಟ್ಟರ್‌ಗಳ ಉಪಾಯಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಬೇರಿಂಗ್ ಕೂತಿರುವ ಜಾಗದ ಹೊರಮೈಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಆನಿಸಬೇಕು. ಒಳ್ಳೆಯ ಬೇರಿಂಗ್ ಒಂದೇ ಸಮನೆ ಹರಿಯುವ ಸದ್ದು ಕೊಡುತ್ತದೆ. ಗುಳಿ ಬಿದ್ದದ್ದು ಮರಳು ಅರೆದಂತೆ ಕೇಳುತ್ತದೆ. ಆಮೇಲೆ ಮೇನ್ ಆರಿಸಿ, ಬೆಲ್ಟ್ ಕಳಚಿ, ಸ್ಪಿಂಡಲನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ. ಬೆರಳಿಗೆ ತೊಡರು ತಗುಲಿದರೆ, ಸ್ಪಿಂಡಲ್‌ಗೆ ತಾಗಿಸಿದ ಡಯಲ್ ಗೇಜಿನ ಮುಳ್ಳು ಓಲಾಡಿದರೆ, ಆಗ ಬಿಚ್ಚಿ. 6205 ಎಂಬ ಬೇರಿಂಗ್ ಸಂಖ್ಯೆಯ ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳರಂಧ್ರ 25 ಮಿ.ಮೀ. ಎಂದು ತಿಳಿಯುತ್ತದೆ, ಹೊಸದನ್ನು ತರುವಾಗ ಉಪಯೋಗಕ್ಕೆ ಬರುತ್ತದೆ.

ಕಟಿಂಗ್‌ನಲ್ಲಿ ಮಾತ್ರ ಸದ್ದು

ನಾಲ್ಕು ಹಲ್ಲಿನ ಕಟರ್ ನಿಮಿಷಕ್ಕೆ 600 ಸುತ್ತಿನ ವೇಗದಲ್ಲಿ ಸೆಕೆಂಡಿಗೆ 40 ಸಲ ಲೋಹಕ್ಕೆ ಹೊಡೆಯುತ್ತದೆ. ಹಿಡಿತ ಎಲ್ಲಿ ಸಡಿಲವಿದ್ದರೂ ಈ ಏಟಿಗೆ ನಡುಗುತ್ತದೆ, ಜಾಬ್ ಮೈಮೇಲೆ ಅಲೆ ಅಲೆಯಾಗಿ ಗುರುತು ಬೀಳುತ್ತದೆ. ಡ್ರಾಬಾರ್ ಬಿಗಿ ಮಾಡಿ, ಕ್ವಿಲ್ ಮೇಲಕ್ಕೆತ್ತಿ ಲಾಕ್ ಮಾಡಿ, ಗಿಬ್ ಸರಿಪಡಿಸಿ, ಸ್ಪೀಡ್ ಇಳಿಸಿ ನೋಡಿ. ಮೊಂಡಾದ ಕಟರ್ ಇದ್ದರೆ ಮೊದಲು ಅದನ್ನೇ ಬದಲಿಸಿ.

ಓಡುವ ಮಷಿನ್‌ಗೆ ಕಿವಿ ಆನಿಸುವ ಮೊದಲು ಕೂದಲು, ತೋಳಿನ ಬಟ್ಟೆ ಬಿಗಿಯಾಗಿ ಕಟ್ಟಿಕೊಳ್ಳಿ. ಬೆಲ್ಟ್ ಕವರ್ ಮತ್ತೆ ಹಾಕದೆ ಕೆಲಸ ಶುರು ಮಾಡಬೇಡಿ.