ಡೆಲ್‌ಬ್ರುಕ್ ತೆಗೆದ ತಕರಾರು

ಪಿಯುಸಿಯಲ್ಲಿ ಬಯಾಲಜಿ ಓದಿದವರಿಗೆ ಮೆಸೆಲ್‌ಸನ್ ಮತ್ತು ಸ್ಟಾಲ್ ಪ್ರಯೋಗ ನೆನಪಿರುತ್ತೆ. ಟ್ಯೂಬ್‌ಗಳ ಚಿತ್ರ, ಅದರಲ್ಲಿ ಮೇಲೊಂದು ಕೆಳಗೊಂದು ಪಟ್ಟಿ, ಕೊನೆಗೆ ‘ಡಿಎನ್‌ಎ ಅರೆ ಸಂರಕ್ಷಿತವಾಗಿ ನಕಲಾಗುತ್ತದೆ’ ಅನ್ನೋ ಒಂದು ವಾಕ್ಯ. ಇಷ್ಟು ಬರೆದರೆ ಮಾರ್ಕ್ಸ್ ಗ್ಯಾರಂಟಿ. ಆದರೆ ಈ ಪ್ರಯೋಗ ಮಾಡೋ ಅಗತ್ಯ ಯಾಕೆ ಬಂತು ಅನ್ನೋದು ಆ ಉತ್ತರದಲ್ಲಿ ಎಲ್ಲೂ ಬರಲ್ಲ. ಬಂದಿದ್ದು, ಎಲ್ಲರೂ ಮೆಚ್ಚಿಕೊಂಡ ಒಂದು ಐಡಿಯಾದ ಬಗ್ಗೆ ಒಬ್ಬರು ತಕರಾರು ತೆಗೆದಿದ್ದರಿಂದ.

1953ರ ಏಪ್ರಿಲ್‌ನಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎ ರಚನೆಯನ್ನ ಪ್ರಕಟಿಸಿದರು. ಒಂದಕ್ಕೊಂದು ಸುತ್ತಿಕೊಂಡ ಎರಡು ಎಳೆ. ಒಂದರಲ್ಲಿ ಎ ಇದ್ದರೆ ಎದುರಿಗೆ ಟಿ, ಜಿ ಇದ್ದರೆ ಎದುರಿಗೆ ಸಿ. ಹಾಗಾದರೆ ಜೀವಕೋಶ ಎರಡಾಗೋ ಮುಂಚೆ ಡಿಎನ್‌ಎ ಕಾಪಿ ಆಗೋದು ಹೇಗೆ? ಸುಲಭ. ಎರಡೂ ಎಳೆ ಬಿಚ್ಚಿಕೊಂಡರೆ ಆಯ್ತು, ಪ್ರತಿಯೊಂದು ಎಳೆಯೂ ತನ್ನ ಜೋಡಿಯನ್ನ ಹೊಸದಾಗಿ ಕಟ್ಟಿಕೊಳ್ಳುತ್ತೆ. ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದರೆ ಪುರಾವೆ ಬೇಕು ಅಂತಲೇ ಅನ್ನಿಸದಷ್ಟು.

ಕ್ಯಾಲ್‌ಟೆಕ್‌ನಲ್ಲಿದ್ದ ಮ್ಯಾಕ್ಸ್ ಡೆಲ್‌ಬ್ರುಕ್ ಇದನ್ನ ಒಪ್ಪಲಿಲ್ಲ. ಅವರು ಭೌತಶಾಸ್ತ್ರದಿಂದ ಜೀವಶಾಸ್ತ್ರಕ್ಕೆ ಬಂದವರು. ‘ಬಿಚ್ಚಿಕೊಂಡರೆ ಆಯ್ತು’ ಅಂತೀರಲ್ಲ, ಬಿಚ್ಚೋದು ಹೇಗೆ ಅನ್ನೋದು ಅವರ ಪ್ರಶ್ನೆ.

ಕತ್ತಾಳೆ ನಾರಿನ ಹಗ್ಗ ಹೊಸೆಯೋದನ್ನ ನೋಡಿ ಬೆಳೆದ ನನಗೆ ಈ ಪ್ರಶ್ನೆ ತಕ್ಷಣ ಅರ್ಥವಾಯ್ತು. ಎರಡೆಳೆಯ ಹಗ್ಗದ ಒಂದು ತುದಿಯಲ್ಲಿ ಎಳೆಗಳನ್ನ ಆಕಡೆ ಈಕಡೆ ಜಗ್ಗಿ ನೋಡಿ. ಸ್ವಲ್ಪ ದೂರ ಬಿಚ್ಚಿಕೊಳ್ಳುತ್ತೆ, ಆಮೇಲೆ ಮುಂದಿನ ಭಾಗದಲ್ಲಿ ಹುರಿ ಬಿಗಿಯಾಗಿ ಗಂಟು ಗಂಟಾಗುತ್ತೆ. ಇನ್ನೊಂದು ತುದಿ ತಿರುಗೋಕೆ ಬಿಟ್ಟರೆ ಮಾತ್ರ ಮುಂದಕ್ಕೆ ಬಿಚ್ಚುತ್ತೆ. ಈಗ ಗೊತ್ತಿರೋ ಲೆಕ್ಕ ಹೇಳ್ತೀನಿ: ಇ. ಕೋಲಿ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಅಕ್ಷರಜೋಡಿಗಳಿವೆ. ಸುಮಾರು 10 ಜೋಡಿಗೆ ಒಂದು ಸುತ್ತು, ಅಂದರೆ 4 ಲಕ್ಷಕ್ಕೂ ಹೆಚ್ಚು ಸುತ್ತು. ಇಷ್ಟೂ ಕಾಪಿ ಆಗೋದು ಸುಮಾರು 40 ನಿಮಿಷದಲ್ಲಿ, ಅದೂ ಎರಡು ಕಡೆಯಿಂದ ಒಟ್ಟಿಗೆ. ಒಂದೊಂದು ಕಡೆಯೂ ನಿಮಿಷಕ್ಕೆ 5000ಕ್ಕಿಂತ ಹೆಚ್ಚು ಸುತ್ತು ಬಿಚ್ಚಬೇಕು. ಬೈಕ್ ಎಂಜಿನ್ನಿನ ಆರ್‌ಪಿಎಂ ಇದು!

ಹಾಗಾಗಿ 1954ರಲ್ಲಿ ಡೆಲ್‌ಬ್ರುಕ್ ತಮ್ಮದೇ ದಾರಿ ಸೂಚಿಸಿದರು. ಎಳೆಗಳು ಅಲ್ಲಲ್ಲಿ ತುಂಡಾಗಿ, ಹುರಿ ಬಿಟ್ಟು, ಮತ್ತೆ ಜೋಡಿಕೊಳ್ಳುತ್ತವೆ. ಹಾಗಾದರೆ ಪ್ರತಿ ಎಳೆಯಲ್ಲೂ ಹಳೆಯ ತುಂಡು, ಹೊಸ ತುಂಡು ಬೆರೆತಿರುತ್ತವೆ. ಮೂರನೆಯ ಸಾಧ್ಯತೆಯೂ ಇತ್ತು: ಹಳೆಯ ಜೋಡಿ ಹಾಗೇ ಉಳಿದು, ಪೂರ್ತಿ ಹೊಸ ಜೋಡಿ ಪಕ್ಕದಲ್ಲಿ ತಯಾರಾಗೋದು. ಈಗ ವಾದ ಸಾಕು, ಅಳತೆ ಬೇಕು.

ಅದೇ 1954ರ ಬೇಸಿಗೆಯಲ್ಲಿ ಅಮೆರಿಕದ ವುಡ್ಸ್ ಹೋಲ್‌ನಲ್ಲಿ ಮ್ಯಾಥ್ಯೂ ಮೆಸೆಲ್‌ಸನ್ ಮತ್ತು ಫ್ರಾಂಕ್ಲಿನ್ ಸ್ಟಾಲ್ ಭೇಟಿಯಾದರು. ಇಬ್ಬರೂ ಇನ್ನೂ ವಿದ್ಯಾರ್ಥಿಗಳು. ಮುಂದೆ ಕ್ಯಾಲ್‌ಟೆಕ್‌ನಲ್ಲಿ ಸೇರಿ ಅವರು ಮಾಡಿದ್ದು ಇಷ್ಟು: ಬ್ಯಾಕ್ಟೀರಿಯಾಗಳಿಗೆ 14 ತಲೆಮಾರು ಭಾರದ ಸಾರಜನಕವನ್ನೇ, ಅಂದರೆ ನೈಟ್ರೋಜನ್-15 ಅನ್ನೇ ಉಣಿಸಿದರು. ಡಿಎನ್‌ಎ ಎಲ್ಲಾ ಭಾರವಾಯ್ತು. ಆಮೇಲೆ ದಿಢೀರನೆ ಮಾಮೂಲಿ ನೈಟ್ರೋಜನ್-14 ಕೊಟ್ಟರು. ಪ್ರತಿ ತಲೆಮಾರಿನ ಡಿಎನ್‌ಎಯನ್ನೂ ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಹಾಕಿ, ನಿಮಿಷಕ್ಕೆ 44,770 ಸುತ್ತಿನಂತೆ ಸುಮಾರು 20 ಗಂಟೆ ತಿರುಗಿಸಿದರು. ಯಾವುದು ಎಷ್ಟು ಭಾರವೋ ಅದಕ್ಕೆ ತಕ್ಕ ಜಾಗದಲ್ಲಿ ಪಟ್ಟಿಯಾಗಿ ನಿಲ್ಲುತ್ತೆ.

ಒಂದು ತಲೆಮಾರು ಕಳೆದ ಮೇಲೆ ಒಂದೇ ಪಟ್ಟಿ, ಸರಿಯಾಗಿ ನಡುವೆ. ಹಳೆಯ ಜೋಡಿ ಹಾಗೇ ಉಳಿಯುತ್ತೆ ಅನ್ನೋ ವಾದ ಅಲ್ಲಿಗೆ ಬಿತ್ತು. ಎರಡನೇ ತಲೆಮಾರಿಗೆ ಎರಡು ಪಟ್ಟಿ: ಒಂದು ನಡುವೆ, ಇನ್ನೊಂದು ಹಗುರ. ಡೆಲ್‌ಬ್ರುಕ್ ಹೇಳಿದಂತೆ ತುಂಡುಗಳು ಬೆರೆತಿದ್ದರೆ ಎಲ್ಲಾ ಸೇರಿ ಒಂದೇ ಪಟ್ಟಿ ಇನ್ನಷ್ಟು ಹಗುರಾಗಿ ಕಾಣಬೇಕಿತ್ತು. ಹಾಗಾಗಲಿಲ್ಲ. 1958ರಲ್ಲಿ ಫಲಿತಾಂಶ ಪ್ರಕಟವಾಯ್ತು. ಅದರ ಹಿಂದಿನ ವರ್ಷವೇ ಹರ್ಬರ್ಟ್ ಟೇಲರ್ ಮತ್ತು ಸಂಗಡಿಗರು ಒಂದು ಜಾತಿಯ ಅವರೆಯ ಬೇರಿನಲ್ಲಿ, ವಿಕಿರಣ ಸೂಸುವ ಥೈಮಿಡಿನ್ ಬಳಸಿ, ಇಡೀ ಕ್ರೋಮೋಸೋಮ್‌ಗಳೂ ಹೀಗೇ ಅರ್ಧ ಹಳತು ಅರ್ಧ ಹೊಸತಾಗಿ ಹಂಚಿಹೋಗುತ್ತವೆ ಅಂತ ತೋರಿಸಿದ್ದರು.

ಪಠ್ಯಪುಸ್ತಕದ ಕತೆ ಇಲ್ಲಿಗೆ ಮುಗೀತು. ಡೆಲ್‌ಬ್ರುಕ್ ಸೋತರು. ಆದರೆ ಅವರ ಪ್ರಶ್ನೆ ಹಾಗೇ ಇತ್ತಲ್ಲ? ಜಾನ್ ಕೇರ್ನ್ಸ್ 1963ರಲ್ಲಿ ಚಿತ್ರ ತೆಗೆದು ತೋರಿಸಿದ ಮೇಲಂತೂ ಅದು ಇನ್ನೂ ಕಗ್ಗಂಟಾಯ್ತು. ಇ. ಕೋಲಿಯ ಡಿಎನ್‌ಎಗೆ ತುದಿಯೇ ಇಲ್ಲ, ಅದು ಬಳೆ ಥರ. ತುದಿಯೇ ಇಲ್ಲದ ಹಗ್ಗದ ಹುರಿ ಬಿಚ್ಚೋದು ಎಲ್ಲಿಂದ?

ಉತ್ತರ ಸಿಕ್ಕಿದ್ದು 1971ರಲ್ಲಿ. ಬರ್ಕ್ಲಿಯಲ್ಲಿದ್ದ ಜೇಮ್ಸ್ ವಾಂಗ್ ಅದೇ ಬ್ಯಾಕ್ಟೀರಿಯಾದಲ್ಲಿ ಒಂದು ಕಿಣ್ವ ಕಂಡುಹಿಡಿದರು. ಅದು ಡಿಎನ್‌ಎಯ ಒಂದು ಎಳೆಯನ್ನ ಕತ್ತರಿಸಿ, ಹುರಿ ಸಡಿಲಿಸಿ, ಮತ್ತೆ ಅದೇ ಜಾಗದಲ್ಲಿ ಬೆಸೆಯುತ್ತೆ. 1976ರಲ್ಲಿ ಮಾರ್ಟಿನ್ ಗೆಲರ್ಟ್ ತಂಡಕ್ಕೆ ಗೈರೇಸ್ ಸಿಕ್ಕಿತು. ಅದು ಎರಡೂ ಎಳೆ ಕತ್ತರಿಸಿ, ಡಿಎನ್‌ಎಯ ಇನ್ನೊಂದು ಭಾಗವನ್ನ ಆ ಸಂದಿಯಲ್ಲಿ ದಾಟಿಸಿ, ಮತ್ತೆ ಮುಚ್ಚುತ್ತೆ. ನಮ್ಮ ಜೀವಕೋಶದಲ್ಲೂ ಇದರ ಸಂಬಂಧಿ ಇದೆ. ಅದಿಲ್ಲದಿದ್ದರೆ ಕಾಪಿಯಾದ ಎರಡು ಕ್ರೋಮೋಸೋಮ್‌ಗಳು ಒಂದಕ್ಕೊಂದು ತೊಡರಿಕೊಂಡೇ ಇರುತ್ತವೆ, ಬೇರೆಯಾಗೋಕೆ ಆಗಲ್ಲ.

ಅಂದರೆ ಎಳೆ ತುಂಡಾಗಿ ಮತ್ತೆ ಕೂಡಿಕೊಳ್ಳಲೇಬೇಕು ಅಂತ ಡೆಲ್‌ಬ್ರುಕ್ ಅಂದಿದ್ದು ಸರಿಯಾಗೇ ಇತ್ತು. ತುಂಡುಗಳು ಅದಲು ಬದಲಾಗುತ್ತವೆ ಅಂದಿದ್ದಷ್ಟೇ ತಪ್ಪು. ಇದೇನು ಬರೀ ಲ್ಯಾಬಿನ ವಿಷಯ ಅಲ್ಲ. ಮೂತ್ರದ ಸೋಂಕಿಗೆ ಡಾಕ್ಟರು ಬರೆಯೋ ಸಿಪ್ರೋಫ್ಲಾಕ್ಸಾಸಿನ್ ಮಾತ್ರೆ ಬ್ಯಾಕ್ಟೀರಿಯಾದ ಗೈರೇಸನ್ನೇ ಕೆಡಿಸುತ್ತೆ. ಕತ್ತರಿಸಿದ ಎಳೆಯನ್ನ ಬೆಸೆಯೋಕೆ ಬಿಡದೆ ಅದನ್ನ ಕೊಲ್ಲುತ್ತೆ. ಕ್ಯಾನ್ಸರಿಗೆ ಕೊಡೋ ಎಟೊಪೊಸೈಡ್ ಮನುಷ್ಯರ ಕಿಣ್ವಕ್ಕೆ ಮಾಡೋದೂ ಅದನ್ನೇ.

ನಮ್ಮ ಡಿಸೈನ್ ಮೀಟಿಂಗ್‌ಗಳಲ್ಲಿ ಸ್ಲೈಡ್ ನೋಡಿ ಎಲ್ಲರೂ ತಲೆಯಾಡಿಸುವಾಗ ಒಬ್ಬರು ‘ಎಲ್ಲಾ ಸರಿ, ಆದರೆ ಇದನ್ನ ಬಿಚ್ಚೋದು ಹೇಗೆ?’ ಅಂತ ಕೇಳ್ತಾರೆ. ಅವರಿಗೆ ನೆಗೆಟಿವ್ ಅಂತ ಹೆಸರಿಟ್ಟುಬಿಡ್ತೀವಿ. ಅವರ ಪರಿಹಾರ ತಪ್ಪಿರಬಹುದು. ಪ್ರಶ್ನೆಯನ್ನ ಮಾತ್ರ ಮಿನಿಟ್ಸ್‌ನಲ್ಲಿ ಬರೆದಿಟ್ಟುಕೊಳ್ಳಿ. ಡೆಲ್‌ಬ್ರುಕ್ ತೀರಿಕೊಂಡಿದ್ದು 1981ರಲ್ಲಿ. ಅಷ್ಟರಲ್ಲಿ ಅವರ ಪ್ರಶ್ನೆಗೆ ಜೀವಕೋಶದ ಒಳಗಿಂದಲೇ ಉತ್ತರ ಬಂದಾಗಿತ್ತು.