ಸಬ್‌ವೂಫರ್‌ಗೆ ಆಂಪ್ಲಿಫೈಯರ್: ಡಬ್ಬದ ಮೇಲಿನ 5000 ವಾಟ್ ನಂಬಬಹುದೇ?

‘5000 ವಾಟ್ ಪಿಎಂಪಿಒ, ಮನೆಯೇ ಥಿಯೇಟರ್’ ಎಂಬಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಲೆಕ್ಕ ಹಾಕೋಣ. ಮನೆಯ 6 ಆಂಪಿಯರ್ ಸಾಕೆಟ್ 230 ವೋಲ್ಟ್‌ನಲ್ಲಿ ಸತತವಾಗಿ ಕೊಡುವುದೇ 1380 ವಾಟ್. ಮಿಕ್ಕಿದ್ದು ಎಲ್ಲಿಂದ ಬರಬೇಕು? ಪಿಎಂಪಿಒ ಅಳೆಯಲು ಎಲ್ಲರೂ ಒಪ್ಪಿದ ಕ್ರಮವೇ ಇಲ್ಲ.

ನೋಡಬೇಕಾದದ್ದು ಆರ್‌ಎಂಎಸ್ ವಾಟ್, ಅದೂ ನಿಮ್ಮ ವೂಫರಿನ ಓಮ್‌ಗೆ ಎಷ್ಟು ಎಂದು. 8 ಓಮ್‌ಗಷ್ಟೇ ತಯಾರಾದ ಆಂಪ್ಲಿಫೈಯರ್‌ಗೆ 4 ಓಮ್ ವೂಫರ್ ಜೋಡಿಸಿದರೆ ಅದು ವಿಪರೀತ ಬಿಸಿಯಾಗಿ ಸುಟ್ಟೂ ಹೋಗಬಹುದು.

ವಾಟ್ ಇಮ್ಮಡಿಯಾದರೆ ಸದ್ದೂ ಇಮ್ಮಡಿಯೇ? ಅಲ್ಲ. ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಅನ್ನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವಾಟ್ ಬೇಕು. ಹಣ ಸುರಿಯುವ ಮುನ್ನ ವೂಫರನ್ನು ಕೋಣೆಯ ಮೂಲೆಗೆ ಸರಿಸಿ ನೋಡಿ, ಬಾಸ್ ಪುಕ್ಕಟೆಯಾಗಿ ಹೆಚ್ಚುತ್ತದೆ (ಕೆಲವೊಮ್ಮೆ ಅತಿಯಾಗಿಯೂ!).

ಕ್ರಾಸ್‌ಓವರ್ ಎಂದರೆ ಯಾವ ಸದ್ದು ವೂಫರ್‌ಗೆ, ಯಾವುದು ಉಳಿದ ಸ್ಪೀಕರ್‌ಗಳಿಗೆ ಎಂದು ವಿಂಗಡಿಸುವ ಭಾಗ. 80 ಹರ್ಟ್ಸ್‌ನಿಂದ ಶುರು ಮಾಡಿ. ಟಿಎಚ್‌ಎಕ್ಸ್ ಸೂಚಿಸುವುದೂ ಅದನ್ನೇ. ಅದಕ್ಕಿಂತ ಕೆಳಗಿನ ಸದ್ದು ಯಾವ ದಿಕ್ಕಿನದೆಂದು ಗುರುತಿಸುವುದು ಕಿವಿಗೆ ಕಷ್ಟ. ಉಳಿದ ಸ್ಪೀಕರ್‌ಗಳು ತೀರಾ ಚಿಕ್ಕವಾದರೆ 100-120 ಇಡಬೇಕಾದೀತು. ಗಂಡಸರ ಮಾತು ವೂಫರಿನ ಮೂಲೆಯಿಂದಲೇ ಕೇಳಿಸುತ್ತಿದ್ದರೆ ಇಳಿಸಿ. ರಿಸೀವರಿನಲ್ಲೇ ಕ್ರಾಸ್‌ಓವರ್ ಇದ್ದರೆ ಸಬ್‌ವೂಫರಿನ ಹಿಂದಿನ ತಿರುಪನ್ನು ಗರಿಷ್ಠಕ್ಕೆ ತಿರುಗಿಸಿಡಿ. ಇಲ್ಲದಿದ್ದರೆ ಒಂದೇ ಸದ್ದಿಗೆ ಎರಡು ಬಾರಿ ಕತ್ತರಿ ಬೀಳುತ್ತದೆ.